ಮೇಲಿನ ದನಿ, ಕೆಳಗಿನ ದನಿ: ಸಸೆಕ್ಸ್‌ನಲ್ಲಿ ನಾಲ್ಕು ದಿನ

ಲಾಕ್‌ಡೌನ್ ದಿನಗಳಲ್ಲಿ ಒಂದು ಸಂಜೆ ರೊಟ್ಟಿ ಬಡಿಯುತ್ತಾ ಮೊಬೈಲಲ್ಲಿ ಹಾಡು ಹಾಕಿಕೊಂಡಿದ್ದೆ. ಒಂದು ಮುಗಿದರೆ ಇನ್ನೊಂದು ತಾನಾಗೇ ಶುರುವಾಗುತ್ತದಲ್ಲ, ಹಾಗೆ ಎಲ್ಲಿಂದಲೋ ಎಲ್ಲಿಗೋ ಹೋಗಿ ಇಬ್ಬರು ಗಂಡಸರ ದನಿ ಬಂತು. ಪೆಟ್ಟಿಗೆ ಇಲ್ಲ, ತಬಲಾ ಇಲ್ಲ, ತಂತಿ ಇಲ್ಲ. ಬರೀ ಗಂಟಲು. ಇಂಗ್ಲಿಷ್ ಅಂತ ಗೊತ್ತಾಯಿತೇ ಹೊರತು ಪದಗಳು ಸಿಗಲಿಲ್ಲ. ಬದಲಿಸೋಣ ಅಂದರೆ ಕೈ ತುಂಬ ಹಿಟ್ಟು. ಹಾಗೇ ಕೇಳುತ್ತಾ ನಿಂತೆ. ಹಂಚಿನ ಮೇಲಿನ ರೊಟ್ಟಿ ಸೀದು ಹೋಯಿತು.

ಹಾಡಿದವರು ಬಾಬ್ ಕಾಪರ್ ಮತ್ತು ರಾನ್ ಕಾಪರ್. ಇಂಗ್ಲೆಂಡಿನ ದಕ್ಷಿಣದ ಕಡಲಂಚಲ್ಲಿ ಸಸೆಕ್ಸ್ ಅನ್ನೋ ಸೀಮೆ ಇದೆ, ಅಲ್ಲಿನ ರಾಟಿಂಗ್‌ಡೀನ್ ಹಳ್ಳಿಯವರು. ಅಣ್ಣ ತಮ್ಮಂದಿರ ಮಕ್ಕಳು. ರಾನ್ 1912ರಲ್ಲಿ ಹುಟ್ಟಿದವರು, ಬಾಬ್ 1915ರಲ್ಲಿ. ಇಬ್ಬರೂ ಈಗಿಲ್ಲ. ಆದರೆ ಆ ಸಂಜೆಯಿಂದ ಇಬ್ಬರೂ ನನ್ನ ಅಡುಗೆಮನೆಯಲ್ಲೇ ಠಿಕಾಣಿ ಹೂಡಿದ್ದಾರೆ.

ನಾನು ಹುಬ್ಬಳ್ಳಿಯಲ್ಲಿ ಬ್ಯಾಂಕ್ ಕೆಲಸ ಮಾಡಿ ನಿವೃತ್ತಳಾದವಳು. ತಮ್ಮ ಲಂಡನ್ನಿನ ಹ್ಯಾರೋದಲ್ಲಿದ್ದಾನೆ. ಕಳೆದ ಮೇ ತಿಂಗಳಲ್ಲಿ ಅವನ ಮನೆಗೆ ಹೋದಾಗ ದೊಡ್ಡ ಪಟ್ಟಿ ಹಿಡಿದು ಕೂತಿದ್ದ. ನಾನು ರಾಟಿಂಗ್‌ಡೀನ್ ಅಂದೆ. ಅವನಿಗೆ ಆ ಹೆಸರೇ ಗೊತ್ತಿರಲಿಲ್ಲ.

"ಅಕ್ಕಾ, ಲಂಡನ್ ಐ ಬ್ಯಾಡೇನು?"

"ಬ್ಯಾಡೋ ಮಾರಾಯಾ. ಅಂಥಾ ತೊಟ್ಟಲಾ ನಮ್ಮೂರ ಜಾತ್ರ್ಯಾಗೂ ಬರ್ತಾವ."

ಪಾಪ, ನಾಲ್ಕು ದಿನ ರಜೆ ಹಾಕಿದ.

ಮೊದಲ ದಿನ: ಲಂಡನ್

ಕ್ಯಾಮ್ಡನ್ ಟೌನ್ ಸ್ಟೇಷನ್ ಹತ್ತಿ ಹೊರಗೆ ಬಂದರೆ ಜಾತ್ರೆಯೋ ಜಾತ್ರೆ. ಬಣ್ಣದ ಕೂದಲಿನ ಹುಡುಗರು, ಸುಟ್ಟ ಮಾಂಸದ ವಾಸನೆ, ಕಿವಿಗಡಚಿಕ್ಕುವ ಸ್ಪೀಕರ್. ಹತ್ತು ನಿಮಿಷ ನಡೆದರೆ ಎಲ್ಲ ತಣ್ಣಗಾಗಿ ಮರಗಳ ರಸ್ತೆ ಬರುತ್ತದೆ. ಆ ರಸ್ತೆಯಲ್ಲಿ ಕೆಂಪು ಇಟ್ಟಿಗೆಯ ಒಂದು ಕಟ್ಟಡ, ಸೆಸಿಲ್ ಶಾರ್ಪ್ ಹೌಸ್. ಇಂಗ್ಲಿಷ್ ಜನಪದ ಹಾಡು ಮತ್ತು ಕುಣಿತದವರ ತವರುಮನೆ ಅನ್ನಬಹುದು. 1930ರಲ್ಲಿ ಕಟ್ಟಿದ್ದು. ಯುದ್ಧದ ಬಾಂಬಿಗೆ ಪೆಟ್ಟು ತಿಂದು, 1951ರಲ್ಲಿ ಮತ್ತೆ ಬಾಗಿಲು ತೆರೆಯಿತು.

ಒಳಗೊಂದು ಲೈಬ್ರರಿ ಇದೆ. ಸಂಗೀತಗಾರ ವಾನ್ ವಿಲಿಯಮ್ಸ್ ಹೆಸರಿನದು. ನಮ್ಮ ತಾಲ್ಲೂಕು ಗ್ರಂಥಾಲಯಕ್ಕಿಂತ ಬಹಳ ದೊಡ್ಡದೇನಲ್ಲ, ಆದರೆ ಕೂತರೆ ಏಳೋ ಮನಸ್ಸಾಗದ ಜಾಗ. ಇಲ್ಲಿ ಹಾಡುಗಳಿಗೆ ನಂಬರ್ ಇವೆ! ಸ್ಟೀವ್ ರೌಡ್ ಅನ್ನೋ ಲೈಬ್ರರಿಯನ್ ಒಬ್ಬರು ಇಂಗ್ಲಿಷ್ ಜನಪದ ಹಾಡುಗಳನ್ನೆಲ್ಲ ಗುಡ್ಡೆ ಹಾಕಿ, ಒಂದೇ ಹಾಡಿನ ಬೇರೆ ಬೇರೆ ಪಾಠಗಳಿಗೆ ಒಂದೇ ನಂಬರ್ ಕೊಟ್ಟಿದ್ದಾರೆ. ಸುಮಾರು 25 ಸಾವಿರ ಹಾಡು. ನನ್ನ ರೊಟ್ಟಿ ಸೀಯಿಸಿದ ಹಾಡು 'ಕ್ಲಾಡಿ ಬ್ಯಾಂಕ್ಸ್'. ಅದರ ನಂಬರ್ 266. ಇಷ್ಟು ದಿನ ನನ್ನೊಬ್ಬಳದೇ ಅಂದುಕೊಂಡಿದ್ದ ಹಾಡಿಗೆ ರೇಷನ್ ಕಾರ್ಡ್ ಥರ ನಂಬರ್ ಇರೋದು ನೋಡಿ ಒಂಥರಾ ಆಯಿತು.

ಬಾಬ್ ಮತ್ತು ರಾನ್ ಇಬ್ಬರೇ ಹಾಡಿದ ಒಂದು ಎಲ್ಪಿ 1963ರಲ್ಲಿ ಈ ಸಂಸ್ಥೆಯಿಂದಲೇ ಬಂದಿತ್ತು. ಅವರ ಹಾಡನ್ನು ಹೆಡ್‌ಫೋನ್ ಹಾಕಿ ಕೇಳಿದೆ. ಇಲ್ಲಿ ಒಗ್ಗರಣೆ ಸದ್ದಿಲ್ಲ, ಕುಕ್ಕರ್ ಸೀಟಿ ಇಲ್ಲ. ಹಾಡು ಶುರುವಾಗೋ ಮುಂಚೆ ಇಬ್ಬರೂ ಉಸಿರು ತೆಗೆದುಕೊಳ್ಳೋದು ಮೊದಲ ಸಲ ಕೇಳಿಸಿತು.

ನಮ್ಮಲ್ಲಿ ಇಬ್ಬರು ಕೂಡಿ ಹಾಡಿದರೆ ಇಬ್ಬರೂ ಅದೇ ಸ್ವರ ಹಿಡಿಯುತ್ತೇವೆ. ಭಜನೆಯಲ್ಲಿ ನೂರು ಜನ ಇದ್ದರೂ ಧಾಟಿ ಒಂದೇ. ಇವರದು ಹಾಗಲ್ಲ. ಬಾಬ್ ಮೇಲಿನ ದನಿ. ಹಾಡಿನ ಧಾಟಿ ಇರೋದು ಅದರಲ್ಲಿ. ರಾನ್ ಕೆಳಗಿನ ದನಿ, ಹಗೇವಿನೊಳಗಿಂದ ಬಂದಂತೆ ಆಳ. ಕೆರೆ ಏರಿ ಮೇಲೆ ಒಬ್ಬ ನೆಟ್ಟಗೆ ನಡೆದು ಹೋಗುತ್ತಿದ್ದಾನೆ, ಕೆಳಗೆ ನೀರಿನ ಅಂಚಿಗೆ ಇನ್ನೊಬ್ಬ ಅಂಕುಡೊಂಕಾಗಿ ಬರುತ್ತಿದ್ದಾನೆ ಅಂದುಕೊಳ್ಳಿ. ಒಮ್ಮೊಮ್ಮೆ ದೂರ ಆಗುತ್ತಾರೆ, ಒಮ್ಮೊಮ್ಮೆ ಕೈ ಹಿಡಿಯೋವಷ್ಟು ಹತ್ತಿರ. ಸಾಲಿನ ಕೊನೆಗೆ ತೂಬಿನ ಹತ್ತಿರ ಇಬ್ಬರೂ ಕೂಡುತ್ತಾರೆ. ಚರ್ಚಿನ ಹಾಡಿನಂತೆ ಅಳತೆಗೋಲು ಹಿಡಿದು ಕೂಡಿಸಿದ್ದಲ್ಲ ಅದು. ಮನೆಯಲ್ಲಿ ಅಪ್ಪ ಕೆಳಗಿನದು ಹಾಡಿದ್ದಕ್ಕೆ ಮಗ ಕೆಳಗಿನದು ಹಾಡಿದ, ಅಷ್ಟೇ.

ತಮ್ಮನಿಗೂ ಒಂದು ಹಾಡು ಕೇಳಿಸಿದೆ. ಎರಡು ನಿಮಿಷ ಕೇಳಿ, "ಇವರು ಸುಮ್ನೆ ಹಾಡ್ತಾರಲ್ಲ, ಏನೂ ಮಾಡಂಗಿಲ್ಲಲ್ಲ" ಅಂದ. ದೂರೋ ಹೊಗಳಿಕೆಯೋ ಗೊತ್ತಾಗಲಿಲ್ಲ. ಆದರೆ ಸರಿಯಾಗೇ ಹೇಳಿದ್ದ. ಅಳು ಬರೋ ಕಡೆ ಇವರ ದನಿ ನಡುಗೋದಿಲ್ಲ. ಖುಷಿ ಕಡೆ ಏರೋದಿಲ್ಲ. ಹೊಲದ ಬದುವಿನ ಮೇಲೆ ನಿಂತು ಮಳೆ ಬೆಳೆ ಮಾತಾಡೋವರ ಹಾಗೆ ಹಾಡುತ್ತಾರೆ. ಅಳೋದು ಬಿಡೋದು ಕೇಳುವವರಿಗೆ ಬಿಟ್ಟಿದ್ದು.

ಎರಡನೇ ದಿನ: ಬ್ರೈಟನ್

ವಿಕ್ಟೋರಿಯಾದಿಂದ ಬ್ರೈಟನ್‌ಗೆ ಒಂದು ಗಂಟೆ ರೈಲು. ನಮಗೆ ಮೂರು ಗಂಟೆ ಹಿಡಿಯಿತು. ಅರ್ಧ ದಾರಿಯಲ್ಲಿ ಎಲ್ಲರನ್ನೂ ಇಳಿಸಿ, ಸಿಗ್ನಲ್ ಕೆಟ್ಟಿದೆ ಅಂದರು. ಪ್ಲಾಟ್‌ಫಾರಂ ತುಂಬ ಜನ, ಒಬ್ಬರೂ ಕೂಗಾಡಲಿಲ್ಲ. ಉಸ್ ಅಂದು ಮೊಬೈಲ್ ನೋಡುತ್ತಾ ನಿಂತರು. ಹುಬ್ಬಳ್ಳಿಯಲ್ಲಾಗಿದ್ದರೆ ಇಷ್ಟೊತ್ತಿಗೆ ಸ್ಟೇಷನ್ ಮಾಸ್ತರರ ಕೋಣೆಯಲ್ಲಿ ಇಪ್ಪತ್ತು ಜನ ಇರುತ್ತಿದ್ದರು. ತಂದಿದ್ದ ಶೇಂಗಾ ಹೋಳಿಗೆ ಅಲ್ಲೇ ಖಾಲಿಯಾಯಿತು.

ಬ್ರೈಟನ್ ಬಗ್ಗೆ ಜಾಸ್ತಿ ಬರೆಯೋದಿಲ್ಲ. ಮಳೆ, ಗೋಲಿಕಲ್ಲಿನ ದಂಡೆ, ಚಿಪ್ಸ್ ಕಸಿಯೋ ಕಡಲ ಹಕ್ಕಿಗಳು. ಅಲ್ಲಿನ ರಾಯಲ್ ಪೆವಿಲಿಯನ್ ಹೊರಗಿನಿಂದ ನಮ್ಮ ಕಡೆಯ ಅರಮನೆಯಂತೆ ಗುಮ್ಮಟ ಗುಮ್ಮಟ. ಒಳಗೆ ಚೀನಾ. ಒಬ್ಬ ರಾಜಕುಮಾರನ ಶೋಕಿ. ಆದರೆ ಒಂದು ಸಂಗತಿ ಕೇಳಿ ಅಲ್ಲೇ ನಿಂತೆ. ಮೊದಲ ಮಹಾಯುದ್ಧದಲ್ಲಿ 1914ರ ಕೊನೆಯಿಂದ ಇದು ಭಾರತದ ಗಾಯಾಳು ಸೈನಿಕರ ಆಸ್ಪತ್ರೆಯಾಗಿತ್ತು. ಜಾತಿ ಧರ್ಮದ ಲೆಕ್ಕದಲ್ಲಿ ಒಂಬತ್ತು ಅಡುಗೆಮನೆ ಮಾಡಿದ್ದರಂತೆ.

ಬದುಕದೆ ಹೋದ ಹಿಂದೂ ಮತ್ತು ಸಿಖ್ ಸೈನಿಕರನ್ನು ಊರಾಚೆಯ ಗುಡ್ಡದ ಮೇಲೆ ಸುಟ್ಟರು. 53 ಜನ. ಅಲ್ಲಿ 1921ರಲ್ಲಿ ಬಿಳಿ ಅಮೃತಶಿಲೆಯ ಒಂದು ಛತ್ರಿ ಕಟ್ಟಿದರು. ಹೆಸರೂ ಛತ್ರಿಯೇ. ಪ್ಯಾಚಮ್ ಅನ್ನೋ ಕಡೆಯಿಂದ ಗುಡ್ಡ ಹತ್ತಿ ಹೋಗಬೇಕು. ಮಳೆ ನಿಂತ ಮೇಲೆ ಹೋದೆವು. ಸುತ್ತ ಹಸಿರು ಇಳಿಜಾರು, ಕುರಿಗಳು, ನಡುವೆ ಎಂಟು ಕಂಬದ ಮೇಲೆ ಒಂದು ಗುಮ್ಮಟ. ಬೇರೆ ಯಾರೂ ಇರಲಿಲ್ಲ.

'ಕ್ಲಾಡಿ ಬ್ಯಾಂಕ್ಸ್' ಕಥೆ ಏನು ಅಂದರೆ, ವರ್ಷಗಟ್ಟಲೆ ಕಡಲ ಮೇಲಿದ್ದವನು ಊರಿಗೆ ಬರುತ್ತಾನೆ. ಹೊಳೆ ದಂಡೆಯಲ್ಲಿ ಅವನ ಹುಡುಗಿ ಅವನಿಗಾಗಿಯೇ ಅಳುತ್ತಾ ತಿರುಗುತ್ತಿದ್ದಾಳೆ. ಗುರುತು ಹಿಡಿಯೋದಿಲ್ಲ. ಇವನೂ ಹೇಳೋದಿಲ್ಲ. ನಿನ್ನವನ ಹಡಗು ಒಡೆದು ಹೋಯಿತು ಅಂತ ಸುಳ್ಳು ಹೇಳಿ ಪರೀಕ್ಷೆ ಮಾಡುತ್ತಾನೆ. ಅವಳ ಗೋಳು ನೋಡಲಾರದೆ ಕೊನೆಗೆ, ನಾನೇ ಬಂದಿದ್ದೇನೆ ಅನ್ನುತ್ತಾನೆ. ಮರಳಿ ಬಂದವನ ಇಂಥ ಹಾಡು ಎಲ್ಲ ಊರಿನಲ್ಲೂ ಇರಬೇಕು. ಗುಡ್ಡದ ಮೇಲೆ ನಿಂತು ಹಾಡು ಹಾಕು ಅಂತ ತಮ್ಮನಿಗೆ ಹೇಳೋಣ ಅನ್ನಿಸಿತು. ಇಲ್ಲಿ ಬೇಡ ಅಂತ ಸುಮ್ಮನಾದೆ.

ಮೂರನೇ ದಿನ: ರಾಟಿಂಗ್‌ಡೀನ್

ಬ್ರೈಟನ್‌ನಿಂದ ರಾಟಿಂಗ್‌ಡೀನ್‌ಗೆ ಬಸ್ಸಿದೆ, ಆರು ಕಿಲೋಮೀಟರ್ ಅಷ್ಟೇ. ನಾವು ನಡೆದು ಹೋದೆವು. ಬಿಳಿ ಸೀಮೆಸುಣ್ಣದ ಕಡಿದಾದ ಬಂಡೆ ಒಂದು ಕಡೆ, ಇನ್ನೊಂದು ಕಡೆ ಕಡಲು, ನಡುವೆ ಕಾಂಕ್ರೀಟ್ ದಾರಿ. ನೀರು ಇಳಿದಿತ್ತು. ಬಂಡೆಗಳ ನಡುವೆ ಸಾಲಾಗಿ ಚೌಕದ ಕಲ್ಲುಗಳು ಕಾಣಿಸಿದವು. ಒಂದು ಕಾಲದ ರೈಲಿನ ಕುರುಹು ಅವು. ಆ ರೈಲು ಓಡುತ್ತಿದ್ದದ್ದು ನೀರೊಳಗೆ! ಹಳಿ ಕಡಲ ತಳದಲ್ಲಿ, ಡಬ್ಬಿ ಏಳು ಮೀಟರ್ ಎತ್ತರದ ಕಾಲುಗಳ ಮೇಲೆ. 'ಡ್ಯಾಡಿ ಲಾಂಗ್ ಲೆಗ್ಸ್' ಅಂತ ಜನ ಕರೆದರು. 1896ರಲ್ಲಿ ಶುರುವಾಗಿ ಒಂದೇ ವಾರದಲ್ಲಿ ಬಿರುಗಾಳಿಗೆ ಮಗುಚಿತು. ರಿಪೇರಿ ಮಾಡಿ ಹೇಗೋ 1901ರವರೆಗೆ ಎಳೆದರು. ತಮ್ಮ ಎಂಜಿನಿಯರು. ಅವನಿಗೆ ಇಡೀ ಪ್ರವಾಸದಲ್ಲಿ ಹಿಡಿಸಿದ್ದು ಇದೊಂದೇ ಅಂತ ನನ್ನ ಗುಮಾನಿ. ಇಪ್ಪತ್ತು ಫೋಟೊ ತೆಗೆದ.

ಊರು ಸಣ್ಣದು. ಕೊಳ, ಹುಲ್ಲುಗಾವಲು, ಚಕಮಕಿ ಕಲ್ಲಿನ ಗೋಡೆಗಳು, ಗುಡ್ಡದ ಮೇಲೆ ಕಪ್ಪು ಗಾಳಿಗಿರಣಿ. ಗಿರಣಿ 1802ರದ್ದು. ಮುಂಬೈಯಲ್ಲಿ ಹುಟ್ಟಿದ ಇಂಗ್ಲಿಷ್ ಲೇಖಕ ಕಿಪ್ಲಿಂಗ್ ಇಲ್ಲಿ 1897ರಿಂದ ಐದು ವರ್ಷ ಇದ್ದ. ಗೋಡೆ ಮೇಲಿಂದ ಇಣುಕೋ ಜನರ ಕಾಟಕ್ಕೆ ಬೇಸತ್ತು ಊರು ಬಿಟ್ಟ. ಚರ್ಚಿನಲ್ಲಿ ಚಿತ್ರಕಾರ ಬರ್ನ್-ಜೋನ್ಸ್ ಬಿಡಿಸಿದ ಬಣ್ಣದ ಗಾಜಿನ ಕಿಟಕಿಗಳಿವೆ, ಚೆನ್ನಾಗಿವೆ. ಬಂದ ಪ್ರವಾಸಿಗರೆಲ್ಲ ಈ ಇಬ್ಬರನ್ನೇ ಹುಡುಕಿಕೊಂಡು ಬಂದವರು. ನಮ್ಮ ಇಬ್ಬರು ಬೇರೆ.

ಹೈ ಸ್ಟ್ರೀಟಿನಲ್ಲಿ 'ಬ್ಲ್ಯಾಕ್ ಹಾರ್ಸ್' ಅನ್ನೋ ಹಳೇ ಪಬ್ ಇದೆ. ಒಳಗೆ ತಲೆ ತಗ್ಗಿಸಿ ಹೋಗಬೇಕು. 1898ರಲ್ಲಿ ಈ ಪಬ್ಬಿನ ಯಜಮಾನ ಟಾಮ್ ಕಾಪರ್. ಅವನ ಅಣ್ಣತಮ್ಮ ಜೇಮ್ಸ್, ಎಲ್ಲರ ಬಾಯಲ್ಲಿ 'ಬ್ರಾಸರ್', ಊರಿನ ದೊಡ್ಡ ಒಕ್ಕಲುತನದ ಮೇಲ್ವಿಚಾರಕ. ಈ ಬ್ರಾಸರನ ಮೊಮ್ಮಕ್ಕಳೇ ನಮ್ಮ ಬಾಬ್ ಮತ್ತು ರಾನ್. ಆ ವರ್ಷ ಕೇಟ್ ಲೀ ಅನ್ನೋ ಗಾಯಕಿ ಊರಿಗೆ ಬಂದಳು. ಲಂಡನ್ನಿನಲ್ಲಿ ಜನಪದ ಹಾಡಿನ ಸಂಘ ಆಗಷ್ಟೇ ಕಟ್ಟಿದ್ದರು, ಅದರ ಕಾರ್ಯದರ್ಶಿ ಈಕೆ. ದೊಡ್ಡವರ ಬಂಗಲೆಯಲ್ಲಿ ಉಳಿದುಕೊಂಡಿದ್ದವಳು ಇಬ್ಬರನ್ನೂ ಕರೆಸಿ, ಮೇಜಿನ ಮೇಲೆ ವಿಸ್ಕಿ ಬಾಟಲಿ ಇಟ್ಟು, ಹಾಡಿ ಅಂದಳು. ಬಾಟಲಿ ಖಾಲಿಯಾಗೋವರೆಗೆ ಎದ್ದು ಹೋಗೋ ಹಾಗಿರಲಿಲ್ಲ ಅಂತ ಕಾಪರ್ ಮನೆತನದಲ್ಲಿ ಹೇಳುತ್ತಾ ಬಂದಿದ್ದಾರೆ. ಇಬ್ಬರಿಗೂ ಅದೇನೂ ಕಷ್ಟ ಆಗಿರಲಿಕ್ಕಿಲ್ಲ ಬಿಡಿ.

ಕೇಟ್ ಲೀ ಅದನ್ನು ಸಂಘದ ಪತ್ರಿಕೆಯಲ್ಲಿ ಬರೆದಳು. ಪ್ರೀತಿಯ ಹಾಡು ಬೇಕೋ, ಕಡಲಿನದೋ, ನೇಗಿಲಿನದೋ, ಯಾವುದು ಕೇಳಿದರೂ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರಂತೆ. ಆಮೇಲೆ ಗಂಭೀರ ಮುಖ ಮಾಡಿ ಶುರು ಹಚ್ಚುತ್ತಿದ್ದರಂತೆ. ಎಷ್ಟು ಹಾಡು ಬರುತ್ತವೆ ಅಂದರೆ, ಅರ್ಧ ನೂರು ಇರಬಹುದು ಅಂದರಂತೆ. ಟಾಮ್ ಹಾಡುತ್ತಿದ್ದ ಕೆಳಗಿನ ದನಿಯನ್ನು ಒಂದೇ ಸಲ ಕೇಳಿ ಬರೆದುಕೊಳ್ಳೋಕೆ ಆಗಲಿಲ್ಲ ಅಂತಲೂ ಬರೆದಿದ್ದಾಳೆ. ಕೊನೆಗೆ ಇಬ್ಬರನ್ನೂ ಸಂಘದ ಗೌರವ ಸದಸ್ಯರನ್ನಾಗಿ ಮಾಡಿದರು. ಆ ಸಂಘ ಲಂಡನ್ನಿನ ದೊಡ್ಡ ದೊಡ್ಡ ಸಂಗೀತಗಾರರದು. ಅಲ್ಲಿ ಈ ಹೊಲದ ಮನುಷ್ಯ, ಈ ಪಬ್ಬಿನವನು!

ನಾನು ಆ ಪಬ್ಬಿನಲ್ಲಿ ಕೂತು ಪ್ಲೋಮನ್ಸ್ ಲಂಚ್ ತರಿಸಿದೆ. ಹೆಸರಿಗೆ ನೇಗಿಲು ಹೊಡೆಯೋವನ ಊಟ. ಬ್ರೆಡ್ಡು, ದೊಡ್ಡ ಚೀಸ್ ತುಂಡು, ಉಪ್ಪಿನಕಾಯಿ ಉಳ್ಳಾಗಡ್ಡಿ. ನಮ್ಮ ಬುತ್ತಿಯ ರೊಟ್ಟಿ, ಹಿಂಡಿ, ಉಳ್ಳಾಗಡ್ಡಿಯ ದೂರದ ನೆಂಟ. ಈ ಹೆಸರು ನಾಡಿನ ತುಂಬ ಹಬ್ಬಿದ್ದು 1950 ಮತ್ತು 60ರ ದಶಕದಲ್ಲಿ, ಚೀಸ್ ಮಾರುವವರ ಜಾಹೀರಾತಿನಿಂದ. ಊಟದ ಹೆಸರು ಮೊನ್ನೆಯದು, ಹಾಡು ಮಾತ್ರ ನಿಜಕ್ಕೂ ನೇಗಿಲಿನವರದ್ದು. ಬಿಲ್ ನೋಡಿದ ಮೇಲೆ ನೇಗಿಲು ಹೊಡೆಯೋವನು ಇದನ್ನು ತಿಂದಿರಲಾರ ಅಂತ ಖಾತ್ರಿಯಾಯಿತು.

ಬ್ರಾಸರನ ಮಗ ಜಿಮ್ 1936ರಲ್ಲಿ ಮನೆಯ ಹಾಡುಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟ. ಪದ ಮಾತ್ರ. ಧಾಟಿ ಬರೆಯೋ ಅಗತ್ಯ ಯಾರಿಗಿತ್ತು? 1950ರಲ್ಲಿ ಜಿಮ್ ಬರೆದ ಒಂದು ಕಾಗದದಿಂದ ಬಿಬಿಸಿಯವರು ಊರಿಗೆ ಬಂದರು. ಜಿಮ್, ಅವನ ಅಣ್ಣ ಜಾನ್, ಇಬ್ಬರ ಮಕ್ಕಳು ಬಾಬ್ ಮತ್ತು ರಾನ್, ನಾಲ್ವರೂ ರೇಡಿಯೋದಲ್ಲಿ ಹಾಡಿದರು. 1952ರಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲೂ ಹಾಡಿದರು. 1954ರ ಹೊತ್ತಿಗೆ ಹಿರಿಯರಿಬ್ಬರೂ ತೀರಿಕೊಂಡು, ಉಳಿದವರು ಇವರಿಬ್ಬರೇ. ಒಬ್ಬ ಮೇಲಿನ ದನಿ, ಒಬ್ಬ ಕೆಳಗಿನ ದನಿ. ಬಾಬ್ ಅಷ್ಟೊತ್ತಿಗೆ ಏನೇನೋ ಆಗಿದ್ದರು: ಕ್ಷೌರದಂಗಡಿಯಲ್ಲಿ ಗಿರಾಕಿಗಳ ಗಲ್ಲಕ್ಕೆ ನೊರೆ ಹಚ್ಚೋ ಹುಡುಗ, ಕುದುರೆ ಸೈನಿಕ, ಪೊಲೀಸ್. ಬಿಬಿಸಿಗಾಗಿ ಊರೂರು ತಿರುಗಿ ಬೇರೆಯವರ ಹಾಡನ್ನೂ ಕಲೆ ಹಾಕಿದರು.

ಊಟ ಮುಗಿಸಿ ಗಾಳಿಗಿರಣಿ ಗುಡ್ಡ ಹತ್ತಿ ಹುಲ್ಲಿನ ಮೇಲೆ ಕೂತೆವು. ಎಲ್ಲೋ ಮೇಲೆ ಒಂದು ಬಾನಾಡಿ ಕಣ್ಣಿಗೆ ಕಾಣದ ಎತ್ತರದಲ್ಲಿ ಒಂದೇ ಸಮ ಹಾಡುತ್ತಿತ್ತು. ಅಲ್ಲಿ ತಮ್ಮನೊಂದಿಗೆ ಅಜ್ಜಿಯ ಮಾತು ಬಂತು.

ಹಾವೇರಿ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಜ್ಜಿ ಮತ್ತು ಅವಳ ನೆಗೆಣ್ಣಿ, ನಮಗೆ ಸಣ್ಣಜ್ಜಿ, ಬೆಳಗಿನ ಜಾವ ಬೀಸೋ ಕಲ್ಲಿನ ಮುಂದೆ ಎದುರುಬದುರು ಕೂರುತ್ತಿದ್ದರು. ಒಂದೇ ಗೂಟಕ್ಕೆ ಇಬ್ಬರ ಕೈ. ಅಜ್ಜಿ ಒಂದು ಸಾಲು ಎತ್ತುತ್ತಿದ್ದಳು, ಸಣ್ಣಜ್ಜಿ ಮುಂದಿನದು ಹಿಡಿಯುತ್ತಿದ್ದಳು. ಮುಖದಲ್ಲಿ ಏನೂ ಇಲ್ಲ. ಮಗ ಸತ್ತ ಹಾಡಾದರೂ ಅಷ್ಟೇ, ತವರಿನ ಹಾಡಾದರೂ ಅಷ್ಟೇ. ಕಣ್ಣು ಕಲ್ಲಿನ ಮೇಲೆ. ತಮ್ಮ ಆಗ ಐದಾರು ವರ್ಷದವನು. ಕಲ್ಲಿನ ಬಾಯಿಗೆ ಮುಷ್ಟಿ ಮುಷ್ಟಿ ಜೋಳ ಹಾಕೋದು ಅವನ ಕೆಲಸ. ನನಗೆ ಹಾಸಿಗೆಯಲ್ಲಿ ಮಲಗಿ ಕೇಳೋ ಕೆಲಸ. ಹಾಡು ಕೇಳಿ ಎಚ್ಚರ ಆಗುತ್ತಿತ್ತೋ, ಕಲ್ಲಿನ ಸದ್ದಿಗೋ, ಈಗ ಹೇಳಲಾರೆ.

ಊರಿಗೆ ಹಿಟ್ಟಿನ ಗಿರಣಿ ಬಂತು. ಆದರೂ ಇಬ್ಬರೂ ಬೇಳೆ ಒಡೆಯೋ ನೆವದಲ್ಲಿ ಕೂರುತ್ತಿದ್ದರು. ಸಣ್ಣಜ್ಜಿ ತೀರಿಕೊಂಡ ಮೇಲೆ ಅಜ್ಜಿ ಹಾಡಲಿಲ್ಲ. ಒಮ್ಮೆ ನಾನು, "ಯಾಕ ಹಾಡೂದಿಲ್ಲಬೇ?" ಅಂತ ಕೇಳಿದೆ.

"ಎದುರಿಗೆ ಯಾರದಾರ?" ಅಂದಳು.

ರಾನ್ 1978ರಲ್ಲಿ ತೀರಿಕೊಂಡರು. ಬಾಬ್‌ಗೆ ಆಗ 63. ಅವರ ಎದುರಿಗೆ ಜನ ಇದ್ದರು. ಮಗ ಜಾನ್, ಮಗಳು ಜಿಲ್, ಅಳಿಯ. ಮಗ ಕೆಳಗಿನ ದನಿ ಹಿಡಿದ. ಬಾಬ್ 2004ರಲ್ಲಿ 89 ತುಂಬಿ ಸಾಯೋವರೆಗೆ ಹಾಡುತ್ತಲೇ ಇದ್ದರು. ಈಗ ಮೊಮ್ಮಕ್ಕಳೂ ಹಾಡುತ್ತಾರೆ. ನಮ್ಮ ಮನೆಯಲ್ಲಿ ಎದುರಿಗೆ ಕೂರಬೇಕಾಗಿದ್ದವಳು ನಾನು. ನಾನು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೆ.

ತಮ್ಮ ಹುಲ್ಲು ಕೀಳುತ್ತಾ ಕೂತಿದ್ದ. "ಜ್ವಾಳ ಹಾಕೂದು ನನಗ ನೆನಪೈತಿ. ಹಾಡು ನೆನಪಿಲ್ಲ" ಅಂದ.

ನಾಲ್ಕನೇ ದಿನ: ಲೂಯಿಸ್

ಬೆಳಿಗ್ಗೆ ಗೆಸ್ಟ್‌ಹೌಸ್ ಖಾಲಿ ಮಾಡೋ ಕೆಲಸ ಇರಲಿಲ್ಲ, ಅವತ್ತು ರಾತ್ರಿಯೂ ಅಲ್ಲೇ. ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ, ಮಂಡಿನೋವು ಸಂಗಾತಿ. ಮಧ್ಯಾಹ್ನ ಲೂಯಿಸ್‌ಗೆ ಬಸ್ ಹಿಡಿದೆವು. ಅರ್ಧ ತಾಸಿನ ದಾರಿ. ಏರು ಇಳಿಜಾರಿನ ಹಳೇ ಊರು, ಮೇಲೆ ಕೋಟೆ, ಕೆಳಗೆ ಊಜ್ ಹೊಳೆ. ಹೊಳೆ ಪಕ್ಕ 1790ರಿಂದ ಇರೋ ಹಾರ್ವೀಸ್ ಬಿಯರ್ ಭಟ್ಟಿ. ಗಾಳಿ ಆ ಕಡೆಯಿಂದ ಬೀಸಿದರೆ ಊರೆಲ್ಲ ಅಂಬಲಿ ಕುದಿಸಿದಂಥ ವಾಸನೆ. ನನಗೆ ಹಿತವಾಗಿತ್ತು.

ಲೂಯಿಸ್ ಅಂದರೆ ಹಾಡಿನವರಿಗೆ ಶರ್ಲಿ ಕಾಲಿನ್ಸ್ ನೆನಪಾಗುತ್ತಾರೆ. ಇದೇ ಸಸೆಕ್ಸ್‌ನ ಹೇಸ್ಟಿಂಗ್ಸ್‌ನಲ್ಲಿ 1935ರಲ್ಲಿ ಹುಟ್ಟಿದವರು, ಆಮೇಲೆ ಲೂಯಿಸ್‌ನಲ್ಲಿ ನೆಲೆಸಿದವರು. ಚಿಕ್ಕ ಹುಡುಗಿಯಾಗಿದ್ದಾಗ, ನಾನು ಜನಪದ ಹಾಡುಗಾರ್ತಿ ಆಗಬೇಕು ಅಂತ ಬಿಬಿಸಿಗೆ ಕಾಗದ ಬರೆದರಂತೆ. ಕಾಗದ ನೋಡಿ ಮನೆಗೆ ಬಂದವರು ಯಾರು? ಬಾಬ್ ಕಾಪರ್! ಶರ್ಲಿ ಮತ್ತು ಅವರ ಅಕ್ಕ ಡಾಲಿ ಇನ್ನೊಂದು ಜೋಡಿ. ತಂಗಿ ಹಾಡೋದು, ಅಕ್ಕ ಸಣ್ಣದೊಂದು ಕೊಳವೆ ಆರ್ಗನ್ ನುಡಿಸೋದು. ಕುರುಬರ ಕೊಳಲು ಹತ್ತಾರು ಒಟ್ಟಿಗೆ ಊದಿದ ಹಾಗಿರುತ್ತದೆ ಅದರ ದನಿ. 1969ರ ಅವರ ರೆಕಾರ್ಡ್ ಬಹಳ ಹೆಸರು ಮಾಡಿತು. ಮುಂದೆ ಶರ್ಲಿ ದನಿಯೇ ಹೋಯಿತು. ವೇದಿಕೆ ಮೇಲೆ ಬಾಯಿ ತೆರೆದರೆ ಸ್ವರ ಹೊರಡುತ್ತಿರಲಿಲ್ಲ. ದಶಕಗಳ ಕಾಲ ಹಾಡಲಿಲ್ಲ. ಡಾಲಿ 1995ರಲ್ಲಿ ತೀರಿಕೊಂಡರು. 2016ರಲ್ಲಿ, 81ನೇ ವಯಸ್ಸಿಗೆ, ಶರ್ಲಿ ಲೂಯಿಸ್‌ನ ತಮ್ಮ ಮನೆಯಲ್ಲೇ ಹಾಡಿ ಮತ್ತೊಂದು ರೆಕಾರ್ಡ್ ತಂದರು. ದನಿ ಕೆಳಗಿಳಿದಿದೆ, ಒರಟಾಗಿದೆ. ನನಗೆ ಅದೇ ಇಷ್ಟ. ಮೊದಲಿನದು ಚೆಂದ, ಇದು ನಿಜ. ತಮ್ಮ ಒಪ್ಪೋದಿಲ್ಲ.

ಸಂಜೆ ಒಂದು ಪಬ್ಬಿನ ಹಿಂದಿನ ಕೋಣೆಯಲ್ಲಿ ಹಾಡಿನ ಕೂಟ. ಗೆಸ್ಟ್‌ಹೌಸಿನ ಒಡತಿ ಹೇಳಿದ್ದರು. ಇಪ್ಪತ್ತೈದು ಜನ ಇದ್ದಿರಬೇಕು, ಬಹುತೇಕ ನನ್ನ ವಯಸ್ಸಿನವರು, ನಾಲ್ಕೈದು ಹುಡುಗರು. ಮೈಕಿಲ್ಲ, ವೇದಿಕೆ ಇಲ್ಲ. ಗೋಡೆಗೆ ಬೆನ್ನು ಕೊಟ್ಟು ಸುತ್ತಲೂ ಕೂತಿದ್ದಾರೆ. ಒಬ್ಬರಾದ ಮೇಲೆ ಒಬ್ಬರ ಸರದಿ. ಹಾಡಬಹುದು, ಬೇಡ ಅಂದರೆ ತಲೆಯಾಡಿಸಿ ಪಕ್ಕದವರಿಗೆ ಬಿಡಬಹುದು. ಯಾರೂ ಚಪ್ಪಾಳೆಗಾಗಿ ಹಾಡುತ್ತಿಲ್ಲ ಅನ್ನೋದು ಎರಡೇ ಹಾಡಿಗೆ ಗೊತ್ತಾಯಿತು. ಒಬ್ಬರು ತೀರ ಅಪಸ್ವರ. ಅವರಿಗೂ ಅಷ್ಟೇ ಗಮನ ಕೊಟ್ಟು ಕೇಳಿದರು.

ನನ್ನ ಎದುರಿಗೆ ಎಪ್ಪತ್ತರ ಹತ್ತಿರದ ಇಬ್ಬರು ಹೆಂಗಸರು ಕೂತಿದ್ದರು. ಒಬ್ಬರಿಗೆ ನೀಲಿ ಸ್ವೆಟರು, ಇನ್ನೊಬ್ಬರ ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ಒಂದೇ ಬೀದಿಯವರು, ಮೂವತ್ತು ವರ್ಷದಿಂದ ಕೂಡಿ ಹಾಡುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಅವರ ಸರದಿ ಬಂದಾಗ ಬಿಯರ್ ಗ್ಲಾಸ್ ಕೆಳಗಿಟ್ಟು, ಒಬ್ಬರ ಮುಖ ಒಬ್ಬರು ನೋಡಿದರು. ಕೇಟ್ ಲೀ ಬರೆದದ್ದು ಇದನ್ನೇ ಅಂತ ಮೈ ಜುಂ ಅಂದಿತು. ಹಾಡು 'ಸ್ವೀಟ್ ಪ್ರಿಮ್‌ರೋಸಸ್'. ಅದೂ ಕಾಪರ್ ಮನೆಯ ಹಾಡು. ಬೇಸಿಗೆಯ ಬೆಳಿಗ್ಗೆ ಹೂವಿನ ದಂಡೆಯಲ್ಲಿ ಒಬ್ಬ ಹುಡುಗಿಯನ್ನು ಮಾತಾಡಿಸುತ್ತಾನೆ. ಅವಳು ದೂರ ನಿಲ್ಲು ಅನ್ನುತ್ತಾಳೆ. ಕಥೆ ಅಷ್ಟೇ.

ಮೇಲಿನ ದನಿ ನೀಲಿ ಸ್ವೆಟರಿನವರದು. ಕನ್ನಡಕದವರು ಕೆಳಗಿನದು. ಕನ್ನಡಕದವರ ತೋರುಬೆರಳು ಗೆಳತಿಯ ಮೊಣಕೈ ಮೇಲೆ ಇತ್ತು. ತಾಳ ಹಾಕೋಕಲ್ಲ. ಉಸಿರು ತೆಗೆಯೋ ಮುಂಚೆ ಬೆರಳು ತುಸು ಒತ್ತುತ್ತಿತ್ತು, ಇಬ್ಬರೂ ಒಟ್ಟಿಗೆ ಉಸಿರೆಳೆಯುತ್ತಿದ್ದರು. ಮೂರನೇ ಪದ್ಯಕ್ಕೆ ಬಂದಾಗ ನೀಲಿ ಸ್ವೆಟರಿನವರಿಗೆ ಪದ ಮರೆತು ಹೋಯಿತು. ಬಾಯಿ ತೆರೆದರು, ಏನೂ ಬರಲಿಲ್ಲ. ಕನ್ನಡಕದವರು ನಿಲ್ಲಿಸಲಿಲ್ಲ. ತಮ್ಮ ಕೆಳಗಿನ ದನಿಯನ್ನೇ ಮುಂದುವರಿಸಿದರು.

ಆಗ ನನಗೆ ಆ ಕೆಳಗಿನ ದನಿ ಬರೀ ಮೈಯಲ್ಲಿ ಕೇಳಿಸಿತು. ಅದು ಹಾಡೇ ಅಲ್ಲ! ಎರಡು ಮೂರು ಸ್ವರಗಳ ಮೇಲೆ ಅಲ್ಲಲ್ಲೇ ಸುತ್ತುತ್ತದೆ, ತಟಕ್ಕನೆ ಇಳಿಯುತ್ತದೆ, ಯಾಕೆ ಇಳಿಯಿತು ಅಂತ ಗೊತ್ತಾಗೋದಿಲ್ಲ. ಮೇಲೊಂದು ಇದೆ ಅನ್ನೋ ನಂಬಿಕೆ ಮೇಲೆ ಕಟ್ಟಿದ್ದು. ಕೋಣೆಯಲ್ಲಿದ್ದ ಯಾರೂ ಬಾಯಿ ಹಾಕಿ ಮೇಲಿನದನ್ನು ತುಂಬಲಿಲ್ಲ, ಅವರಿಗೆಲ್ಲ ಹಾಡು ಗೊತ್ತಿದ್ದರೂ. ಕಾದರು. ಎರಡು ಸಾಲು ಹಾಗೇ ಹೋಯಿತು. ಮೂರನೇ ಸಾಲಿಗೆ ಬೆರಳು ಒತ್ತಿತು. ನೀಲಿ ಸ್ವೆಟರಿನವರು ಉಸಿರೆಳೆದು ಮೇಲಿಂದ ಬಂದು ಸೇರಿಕೊಂಡರು. ಇಬ್ಬರ ಮುಖದಲ್ಲೂ ಏನೂ ಇಲ್ಲ. ಏನೂ ಆಗಿಯೇ ಇಲ್ಲ ಅನ್ನೋ ಹಾಗೆ ಮುಗಿಸಿ ಗ್ಲಾಸ್ ಎತ್ತಿಕೊಂಡರು. ನನ್ನ ಕನ್ನಡಕ ಮಂಜಾಗಿತ್ತು. ಒರೆಸಿಕೊಳ್ಳೋವಾಗ ತಮ್ಮ ಆ ಕಡೆ ನೋಡಿದ.

ನಡುವೆ ಎಲ್ಲರೂ ಕೂಡಿ 'ಥೌಸಂಡ್ಸ್ ಆರ್ ಮೋರ್' ಹಾಡಿದರು. ಬಡವನೂ ಅಲ್ಲ, ಸಾಹುಕಾರನೂ ಅಲ್ಲ, ಆದರೂ ಸಾವಿರ ಇಟ್ಟುಕೊಂಡವರಷ್ಟೇ ಖುಷಿ ನನಗೆ ಅಂತ. ಗೋಡೆಯ ಗಾಜುಗಳು ಗುಂಯ್ ಅಂದವು. ಯಾರು ಮೇಲೆ ಯಾರು ಕೆಳಗೆ ಅಂತ ಹಂಚಿಕೊಟ್ಟವರಿಲ್ಲ, ಕೋಣೆ ತಾನಾಗೇ ಎರಡಾಯಿತು.

ಸರದಿ ನಮ್ಮ ಕಡೆ ಬಂತು. ನಾನು ತಲೆಯಾಡಿಸಿದೆ. ಕನ್ನಡಕದವರು ಬಗ್ಗಿ, ನಿಮ್ಮ ಕಡೆಯದೊಂದು ಹಾಡಿ, ಅರ್ಥ ಆಗದಿದ್ದರೂ ಪರವಾಗಿಲ್ಲ ಅಂದರು. ನಾನು ತಮ್ಮನ ಮುಖ ನೋಡಿದೆ. ಅವನು ನೆಲ ನೋಡಿದ.

ಅಜ್ಜಿಯ ಒಂದು ಬೀಸೋ ಪದ ಎತ್ತಿಕೊಂಡೆ. ನಲವತ್ತು ವರ್ಷದಿಂದ ಬಾಯಿಗೆ ಬಂದಿರಲಿಲ್ಲ. ಮೊದಲ ಸಾಲು ಹೇಗೋ ಬಂತು. ನಿಲ್ಲಿಸಿದೆ. ಎರಡನೇದು ಸಣ್ಣಜ್ಜಿಯ ಸಾಲು. ಮೊಣಕೈಯಿಂದ ತಮ್ಮನನ್ನು ತಿವಿದೆ. ನೆನಪಿಲ್ಲ ಅಂದಿದ್ದವನು ಸಾಲಿನ ಅರ್ಧ ಹಾಡಿದ! ಮಿಕ್ಕಿದ್ದು ಮರೆತು ಹೂಂ ಹೂಂ ಅಂತ ಗುನುಗಿದ. ನಾನು ಮುಂದಿನದು ಹಿಡಿದೆ. ಅವನು ಮತ್ತೆ ಹೂಂ ಹೂಂ. ಕೋಣೆಯವರು ಅದೇ ಪಲ್ಲವಿ ಅಂದುಕೊಂಡರು. ಮೂರನೇ ಸಲಕ್ಕೆ ಇಪ್ಪತ್ತೈದು ಜನ ಹೂಂ ಹೂಂ ಅನ್ನೋಕೆ ಶುರು ಮಾಡಿದರು, ಅದರಲ್ಲೂ ಎರಡು ದನಿ, ಮೇಲೊಂದು ಕೆಳಗೊಂದು. ನನಗೆ ನಗು ತಡೆಯೋಕಾಗದೆ ನಾಲ್ಕನೇ ಸಾಲಿಗೆ ಹಾಡು ನಿಂತೇ ಹೋಯಿತು. ಹಾಡಿನ ಅರ್ಥ ಕೇಳಿದರು. ಅಣ್ಣ ತಂಗಿಯನ್ನು ತವರಿಗೆ ಕರೆಯೋಕೆ ಬಂದಿಲ್ಲ ಅನ್ನೋ ದುಃಖದ ಹಾಡು ಅಂದೆ. ಯಾರೂ ನಂಬಲಿಲ್ಲ.

ರಾತ್ರಿ ಬ್ರೈಟನ್ ಬಸ್ಸಿನಲ್ಲಿ ಮೇಲಿನ ಅಂತಸ್ತಿನ ಮುಂದಿನ ಸೀಟು ಸಿಕ್ಕಿತು. ಗುಡ್ಡಗಳು ಕಪ್ಪಗೆ ಮಲಗಿದ್ದವು. ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಕಾ, ಎರಡನೇ ಸಾಲು ಪೂರ್ತಿ ಏನಿತ್ತು?" ಅಂದ. ಹೇಳಿಕೊಟ್ಟೆ. ಎರಡು ಸಲ ಹಾಡಿಸಿದೆ. ಫಾಲ್ಮರ್ ಸ್ಟಾಪ್ ಬರೋದರೊಳಗೆ ಮತ್ತೆ ಮರೆತಿದ್ದ.